ಹೆಚ್ಚಿನ ಇಪ್ಪತ್ತು ಕಂಬಗಳು

೨೦೦೭ರ ಆಗಸ್ಟ್ ಹದಿನಾಲ್ಕರ ಮಂಗಳವಾರ ಮಣಿಪಾಲದಲ್ಲಿ ಹಾಸ್ಟೆಲ್ ಕಟ್ಟಡವೊಂದರ ಸ್ಲ್ಯಾಬ್ ಕುಸಿದು ಯಮನೂರ ತೀರಿಕೊಂಡ. ನಲವತ್ತೊಂದು ವರ್ಷ. ಬೇರೆ ಯಾರಿಗೂ ಗಾಯವಾಗಲಿಲ್ಲ.

ಕುಷ್ಟಗಿ ಕಡೆಯವನು. ಹೆಂಡತಿ ಹುಲಿಗೆವ್ವನ ಜೊತೆ ಬಂದು ಹನ್ನೊಂದು ವರ್ಷ ಸೆಂಟ್ರಿಂಗ್ ಕೆಲಸ ಮಾಡಿದ; ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಹೊತ್ತು ನಿಲ್ಲುವ ಹಲಗೆ, ಕಂಬಗಳ ಕೆಲಸ. ಬೆಳಿಗ್ಗೆ ಬಂದವನೇ ಮೋಟುಕೋಲಿನಿಂದ ಒಂದೊಂದೇ ಗಾಳಿಮರದ ಕಂಬಕ್ಕೆ ಬಡಿದು ಕಿವಿಯಿಡುತ್ತಿದ್ದ. ಭಾರ ಹೊತ್ತ ಕಂಬ ಟಣ್ ಎನ್ನುತ್ತದೆ, ಬುಡ ಸಡಿಲವಾದದ್ದು ಬೊದ್ ಎನ್ನುತ್ತದೆ.

ಸೂಪರ್‌ವೈಸರ್ ಬೆಳ್ಮಣ್ಣಿನ ಕರುಣಾಕರ ಅವನ ಗೆಳೆಯ. "ಎಂತ ಮಾರಾಯ, ಕಂಬಕ್ಕೆ ಜ್ವರ ಉಂಟಾ?" ಎಂದು ಕೀಟಲೆ ಮಾಡುತ್ತಿದ್ದ.

"ನಗ್ರಿ ಅಣ್ಣಾರ. ಅದಕ್ಕ ಜ್ವರ ಬಂದ್ರ ನಮಗ ಸಾವು."

ಆ ವರ್ಷ ಎಂಜಿನಿಯರ್ ದೇವದಾಸರು ತರಬೇತಿ ಮುಗಿಸಿ ಹೊಸ ಪದ್ಧತಿ ತಂದರು. ಲೀನ್ ಎಂದು ಹೆಸರು. ಬೇಕಾದ್ದು ಬೇಕಾದ ದಿನವೇ ಬರಬೇಕು. ಸುಮ್ಮನೆ ಬಿದ್ದಿರುವುದೆಲ್ಲ ದಂಡ. ಯಾವ ಸಾಮಾನು ಎಲ್ಲಿಗೆ, ಯಾವಾಗ ಎಂದು ಬರೆದು ಅಂಟಿಸಲು ಶೆಡ್ಡಿನ ಗೋಡೆಗೆ ಬಣ್ಣದ ಚೀಟಿಗಳ ಬೋರ್ಡು ಬಂತು. ಕರುಣಾಕರನಿಗೆ ಅದು ಹಿಡಿಸಿತು, ಹಿಡಿಸದೆ ಏನು? ಮಳೆಗೆ ಸಿಮೆಂಟು ಚೀಲ ಕಲ್ಲಾಗುವುದು ನಿಂತಿತು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕಾಯುವುದು ತಪ್ಪಿತು. ಒಂದು ದಿನ ಅವನೇ ಚೀಟಿ ಬರೆದ: ಹೆಚ್ಚಿನ ಕಂಬ ಇಪ್ಪತ್ತು, ಕಾಪುವಿನ ಸೈಟಿಗೆ.

ಯಮನೂರ ಲಾರಿಗೆ ಅಡ್ಡ ನಿಂತ. "ಅವು ಖಾಲಿ ನಿಂತಿಲ್ರಿ. ಕಾಯಾಕತ್ಯಾವು."

"ಬೇಕಾದರೆ ಫೋನ್ ಮಾಡಿದರಾಯಿತು. ಒಂದು ಗಂಟೆಯಲ್ಲಿ ಬರ್ತದೆ," ಎಂದರು ದೇವದಾಸರು.

"ಬುಡದ ಮಣ್ಣು ಫೋನ್ ಮಾಡಿ ಕುಸೀತೈತೇನ್ರಿ?"

ಎಲ್ಲರೂ ನಕ್ಕರು. ಕರುಣಾಕರನೂ ನಕ್ಕ. ಕಂಬಗಳು ಕಾಪುವಿಗೆ ಹೋದವು. ಆದರೆ ಮರುದಿನದಿಂದ ಯಮನೂರ ಬಡಿಯುವಾಗ ಅವನೂ ಉಸಿರು ಬಿಗಿಹಿಡಿದು ಕೇಳತೊಡಗಿದ. ಮಳೆ ಜೋರಾದರೆ ಊಟ ಸೇರುತ್ತಿರಲಿಲ್ಲ.

ಹದಿನಾಲ್ಕರಂದು ಮಳೆ ಬಿಡುವು ಕೊಟ್ಟಿತೆಂದು ಕಾಂಕ್ರೀಟು ಹಾಕಲು ಶುರುಮಾಡಿದರು. ಸ್ಲ್ಯಾಬಿನ ಮೇಲೆ ಹದಿನಾಲ್ಕು ಜನ. ಹನ್ನೊಂದು ಗಂಟೆಗೆ ಮತ್ತೆ ಸುರಿಯಿತು. ಕೆಳಗೆ ಬಡಿಯುತ್ತ ಬಂದ ಯಮನೂರ ಏಣಿ ಒರಗಿಸಿದ್ದ ಮೂಲೆಯಲ್ಲಿ ನಿಂತುಬಿಟ್ಟ. ಬೊದ್. ಪಕ್ಕದ್ದೂ ಬೊದ್. ತುಂಬಿಸಿದ ಕೆಂಪು ಮಣ್ಣು ನೀರು ಕುಡಿದು, ಕಂಬಗಳ ಬುಡ ಇಳಿಯುತ್ತಿತ್ತು.

ಕರುಣಾಕರ ಕಾಪುವಿಗೆ ಫೋನ್ ಮಾಡಿದ. ಕಂಬ ತುಂಬಿದ ಲಾರಿ ಹೊರಟಿತು; ಕಟಪಾಡಿಯಲ್ಲಿ ರಸ್ತೆ ತುಂಬ ನೀರು, ಅಲ್ಲೇ ನಿಂತಿತು.

ಇಳಿಯಲು ಇದ್ದದ್ದು ಆ ಮೂಲೆಯ ಏಣಿಯೊಂದೇ. "ಒಬ್ಬೊಬ್ಬರೇ ಇಳೀರಿ! ಓಡಬೇಡಿ!" ತನ್ನ ಧ್ವನಿ ಕರುಣಾಕರನಿಗೇ ಗುರುತು ಸಿಗಲಿಲ್ಲ. ತಲೆಯ ಮೇಲೆ ಹಲಗೆ ಕಿರ್ ಎಂದಿತು.

ಯಮನೂರ ಪಕ್ಕದಲ್ಲೇ ಇದ್ದ ತನ್ನ ತಾಡಪಾಲಿನ ಗುಡಿಸಲಿಗೆ ಓಡಿ ನಡುಗಂಬ ಕಿತ್ತ. ತಾಡಪಾಲು ಹುಲಿಗೆವ್ವನ ತಲೆಯ ಮೇಲೆ ಬಿತ್ತು.

"ನಿನ್ನ ಬಾಯಾಗ ಮಣ್ಣ ಹಾಕ! ಮನಿ ಕೆಡವತೀಯೇನು?"

"ಸಂಜೀಕ ಕಟ್ಟೂಣು."

ಏಣಿಯ ಮೂಲೆಗೆ ತಂದು ಸ್ಲ್ಯಾಬಿನಡಿ ನಿಲ್ಲಿಸಿದರೆ ಕಂಬ ಗಿಡ್ಡವಾಯಿತು. ಬುಡಕ್ಕೆ ಹಲಗೆ ಹಾಸಿ, ಎರಡು ಕೆಂಪುಕಲ್ಲು ಇಟ್ಟು ನಿಲ್ಲಿಸಿದ. ಕಿರುಗುಟ್ಟುವುದು ನಿಂತಿತು. ಕರುಣಾಕರ ಇಳಿದವರನ್ನು ಎಣಿಸುತ್ತಿದ್ದ. ಹನ್ನೆರಡು. ಹದಿಮೂರು. ಹದಿನಾಲ್ಕನೆಯವಳ ಕಾಲು ನೆಲ ಮುಟ್ಟಿತು.

"ಸಾಕು ಯಮನೂರ, ಬಾ! ಬಾ ಮಾರಾಯ!"

ಯಮನೂರ ಒಂದು ಕೈ ಎತ್ತಿ ತಡೆಯಿರಿ ಎಂದ. ಮೋಟುಕೋಲಿನಿಂದ ತನ್ನ ಮನೆಯ ಕಂಬಕ್ಕೆ ಒಮ್ಮೆ ಬಡಿದು, ಕಿವಿಯಿಟ್ಟ.