ಮೈಕಿನ ಲೋರ್ಕನ್

ಐರ್ಲೆಂಡಿನ ನಮ್ಮೂರಲ್ಲಿ ನಡೆಯುವ, ಕೋಲಿನಿಂದ ಚೆಂಡು ಹೊಡೆಯುವ ಹರ್ಲಿಂಗ್ ಪಂದ್ಯಗಳಿಗೆ ಮೈಕ್ ಹಿಡಿಯುವವನು ಲೋರ್ಕನ್. ಗೋಲು ಹೊಡೆದವನು ಯಾರ ಮಗ, ಯಾರ ಮೊಮ್ಮಗ ಎಂದು ಅವನು ವಂಶಾವಳಿ ಬಿಚ್ಚುವಷ್ಟರಲ್ಲಿ ಎದುರು ತಂಡದವರು ಇನ್ನೊಂದು ಹೊಡೆದಿರುತ್ತಾರೆ. ಅಂಥ ಬಾಯಿಗೂ ನಮ್ಮ ಪ್ರಾಯೋಜಕರಾದ ಹಂದಿಮೇವಿನ ಕಂಪನಿಯವರು ಬೀಗ ಹಾಕಿದ್ದರು: ಜೌಗು ಬಸಿದು ಮೈದಾನ ಮಾಡಿ ತೀರಿಕೊಂಡ ಫಿಂಟನ್‌ನ ಹೆಸರನ್ನು ಮೈದಾನದಿಂದ ತೆಗೆಸಿ, ತಮ್ಮದನ್ನು ಹಾಕಿಸಿ, ಗೋಲುಗೋಲಿಗೂ ಅದನ್ನೇ ಕೂಗಿಸುತ್ತಿದ್ದರು. ಮೊನ್ನೆ ಕಂಪನಿ ಕೈಬಿಟ್ಟಾಗ ಸಮಿತಿಯವರೆಲ್ಲ ಸಾವಿನ ಮನೆಯವರಂತೆ ಕೂತಿದ್ದರೆ, ಲೋರ್ಕನ್ ಎರಡನೇ ಲೋಟ ಚಹಾ ಬಗ್ಗಿಸಿಕೊಂಡ. "ಹೊಸ ಜರ್ಸಿಗೆ ನಿಮ್ಮಪ್ಪ ಕೊಡ್ತಾನೇನೋ?" ಎಂದು ಅಧ್ಯಕ್ಷೆ ನೋರೀನ್ ಗದರಿದಳು. "ಹಳೇದನ್ನೇ ಒಗೆದು ಹಾಕ್ಕೊಳ್ಳೋಣ ಬಿಡಕ್ಕಾ, ಹಂದಿ ವಾಸನೆನಾದ್ರೂ ಹೋಗುತ್ತೆ." ಭಾನುವಾರ ಮೈಕಿನ ಮುಂದೆ ನಿಂತವನು, ಕಟ್ಟಿದ್ದ ಉಸಿರು ಬಿಟ್ಟವನಂತೆ, "ಫಿಂಟನ್ ಮೈದಾನಕ್ಕೆ ಎಲ್ರಿಗೂ ಸ್ವಾಗತ" ಎಂದ. "ಫಿಂಟನ್ ಯಾರು ಅಂದ್ರೆ..." ಎಂದು ಶುರುಮಾಡಿದ. ಇನ್ನು ವಂಶಾವಳಿ ಬಂತೆಂದು ನಾವೆಲ್ಲ ಆರಾಮಾಗಿ ಕೂತೆವು. "ನಮ್ಮಣ್ಣ" ಎಂದಷ್ಟೇ ಹೇಳಿ ಮೈಕ್ ಆರಿಸಿದ.