ನಲ್ಲಿ ಮಾವನ ದಾಸವಾಳ
ಪ್ಲಂಬರ್ ಆದ ಅವರು ಇಡೀ ಬೀದಿಗೆ ನಲ್ಲಿ ಮಾವ. ಯಾರ ಮನೆಗೆ ಹೋದರೂ ಒಂದು ಕಿವಿ ಬಚ್ಚಲ ಕಡೆಗೇ ಇರುತ್ತದೆ, ತೊಟ್ಟಿಕ್ಕುವ ಸದ್ದು ಕೇಳಿದರೆ ಕೊಟ್ಟ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. “ಸೋರಿದ್ದು ಸೇರಲ್ಲ” ಎಂಬುದು ಅವರ ವೇದವಾಕ್ಯ. ನೀರೆಂದರೆ ಇಳಿಯುವ ಜಾತಿ, ಏರಬೇಕಾದರೆ ಮೋಟಾರು ಬೇಕು ಎಂಬ ಅವರ ನಂಬಿಕೆಯನ್ನು ಅಲುಗಾಡಿಸಿದ್ದು, ತೀರಿಹೋದ ಹೆಂಡತಿ ಬಾಲ್ಕನಿಯಲ್ಲಿ ಸಾಕಿದ್ದ ದಾಸವಾಳ. ಕುಂಡಕ್ಕೆ ಹುಯ್ದ ನೀರು ತುದಿಯ ಎಲೆಗೆ ಏರುವುದಾದರೂ ಹೇಗೆ? ಕಾಂಡಕ್ಕೆ ಕಿವಿಯಿಟ್ಟರು, ಬೆರಳಲ್ಲಿ ತಟ್ಟಿದರು, ವಾಲ್ವು ಹುಡುಕಿದರು, ಸಿಗಲಿಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸುವ ಮಗಳು, “ಕೆಳಗಿಂದ ಯಾರೂ ತಳ್ಳಲ್ಲಪ್ಪ, ಎಲೆಯಲ್ಲಿರೋ ಸಣ್ಣ ತೂತಿಂದ ನೀರು ಆವಿಯಾಗಿ ಹೋಗತ್ತೆ, ಹೋಗ್ತಾ ಹಿಂದಿನ ನೀರನ್ನ ಎಳ್ಕೊಳ್ಳತ್ತೆ” ಎಂದಳು. ಮಾವನ ತಲೆಯಲ್ಲಿ ಉಳಿದದ್ದು ತೂತು ಮಾತ್ರ. “ಅಯ್ಯೋ, ನಿಮ್ಮಮ್ಮನ ಗಿಡ ಇಷ್ಟು ದಿನ ಲೀಕಾಗ್ತಾ ಇತ್ತಾ!” ಎಂದು ಮರುದಿನವೇ ಪೈಪಿಗೆ ಸುತ್ತುವ ಬಿಳಿ ಟೇಪನ್ನು ಪ್ರತಿ ಎಲೆಗೂ ಅಚ್ಚುಕಟ್ಟಾಗಿ ಸುತ್ತಿದರು. ಕೆಲವೇ ದಿನಗಳಲ್ಲಿ ಎಲೆಗಳು ಹಳದಿಯಾಗಿ ಉದುರತೊಡಗಿದವು. “ಕುಂಡದ ತುಂಬ ನೀರಿದೆ, ಎಲ್ಲೂ ಲೀಕಿಲ್ಲ, ಆದ್ರೂ ಸಾಯ್ತಿದೆ. ಇದ್ಯಾವ ನ್ಯಾಯಾನಮ್ಮ?” ಎಂದು ಮಗಳ ಮುಂದೆ ತಲೆ ಕೆರೆದುಕೊಂಡರು. “ಅಪ್ಪಾ, ಅದರ ಉಸಿರೇ ಕಟ್ಟಿಬಿಟ್ಟಿದ್ದೀಯಲ್ಲ! ಬಿಚ್ಚು ಮೊದಲು!” ಎಂದಳು ಮಗಳು. ಮಾವನ ಮುಖ ಬಿಳಿಚಿತು. ಆಸ್ಪತ್ರೆಯಲ್ಲಿ ಹೆಂಡತಿ ಉಸಿರಿಗಾಗಿ ಒದ್ದಾಡಿದಾಗ ಊರೆಲ್ಲ ರಿಪೇರಿ ಮಾಡಿದ ಆ ಕೈಗಳಿಗೆ ಮಾಡಲು ಏನೂ ಇರಲಿಲ್ಲ. ಈಗ ಏನೊಂದೂ ಅರ್ಥವಾಗದಿದ್ದರೂ, ಅವರು ಕುಂಡದ ಪಕ್ಕ ಮಂಡಿಯೂರಿ, ಒಂದೊಂದೇ ಎಲೆಯ ಟೇಪು ಬಿಚ್ಚುತ್ತ, “ಉಸಿರಾಡೇ ಮಾರಾಯ್ತಿ, ನಿಧಾನಕ್ಕೆ ಉಸಿರಾಡು” ಎನ್ನುತ್ತಿದ್ದರು.