ಶೈಲೇಶನ ಡಿಸ್ಕು ಬಾಗಿಯ ಕೈಗೆ ಬಂದದ್ದು

ಡೊಂಬಿವಲಿಯಲ್ಲಿ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಬಾಗಿಯ ಅಂಗಡಿಗೆ ಬಂದೇ ಬರುತ್ತಿದ್ದರು. ಬಟನ್ ಒತ್ತಿ ಸ್ನಾನ ಮುಗಿಸಿ ಬಂದರೂ ತೆರೆದುಕೊಳ್ಳದ ಯಂತ್ರಗಳು. ಬಾಗಿ ಅದರ ಬೆನ್ನು ಬಿಚ್ಚಿ, ಒಳಗೆ ಗರಗರ ತಿರುಗುವ ಹಾರ್ಡ್ ಡಿಸ್ಕನ್ನು ಹೊರತೆಗೆದು, ಅದರಲ್ಲಿದ್ದುದನ್ನೆಲ್ಲ ಒಂದಕ್ಷರ ಬಿಡದೆ ಹೊಸ ಎಸ್‌ಎಸ್‌ಡಿಗೆ ದಾಟಿಸಿ, ಅದನ್ನು ಹಳೆಯದರ ಜಾಗದಲ್ಲಿ ಕೂರಿಸಿ ಕೊಡುತ್ತಿದ್ದಳು. ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದೇನೂ ಇಲ್ಲ. ಬಟನ್ ಒತ್ತಿ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಯಂತ್ರ ತೆರೆದಿರುತ್ತದೆ. ಅಂಗಡಿ ಇಟ್ಟು ಐದು ವರ್ಷವಾದರೂ ಅವಳ ಕೈಯಲ್ಲಿ ಯಾರದೂ ಒಂದು ಫೋಟೋ ಕೂಡ ಕಳೆದಿರಲಿಲ್ಲ. ಹಾಗೆ ಕಳೆಯದಂತೆ ಅವಳು ಪಡುತ್ತಿದ್ದ ಜಾಗ್ರತೆಯ ಹಿಂದೆ ಒಂದು ಹಳೆಯ ಸಿಟ್ಟು ಇತ್ತು.

ಬಾಗಿಯ ತಂದೆ ಹರಿಶ್ಚಂದ್ರ ಉಡುಪಿ ಕಡೆಯಿಂದ ಬಂದು, ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆಕಾವಲಿಯ ಮುಂದೆ ನಿಂತವರು. ಆ ಹೋಟೆಲಿಗೆ ದಿನಾ ತಿಂಡಿಗೆ ಬರುತ್ತಿದ್ದ ಯಜ್ಞೇಶ್ವರ ಎಂಬವರು ಪಕ್ಕದ ಗಲ್ಲಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿದ್ದರು. ಒಂದು ದಿನ ಹರಿಶ್ಚಂದ್ರ ಕಾವಲಿ ಬಿಟ್ಟು ಹೊರಗೆ ಬಂದು, ಅವರ ಮೇಜಿನ ಪಕ್ಕ ನಿಂತು, "ಮಗಳು ಡಿಪ್ಲೊಮಾ ಮುಗಿಸಿದ್ದಾಳೆ, ನಿಮ್ಮಲ್ಲಿ ಏನಾದ್ರೂ ಕೆಲಸ ಉಂಟಾ?" ಎಂದು ಕೇಳಿದರು. ಯಾರಲ್ಲೂ ಏನನ್ನೂ ಕೇಳದ ಮನುಷ್ಯ ಅವರು. 2007ರಲ್ಲಿ ಬಾಗಿ ಅಲ್ಲಿ ಸೇರಿದಳು. ಅಲ್ಲಿನ ಹಿರಿಯ ಕೆಲಸಗಾರ ಶೈಲೇಶ್, ಕಾರ್ಕಳ ಕಡೆಯವನು, ಬೆಣ್ಣೆಯಂಥ ನಯವಾದ ಮಾತು. ಬಾಗಿ ಅವನನ್ನು ಶೈಲೇಶಣ್ಣ ಎನ್ನುತ್ತಿದ್ದಳು.

ಎರಡು ವರ್ಷದ ನಂತರ, ಮಳೆಗಾಲದಲ್ಲಿ, ಟಿಟ್ವಾಳಾದಿಂದ ಜಾನಕಿ ಎಂಬವರು ಲ್ಯಾಪ್‌ಟಾಪ್ ತಂದರು. ಮೈಸೂರಿನವರು, ಬೇಲಾಪುರದ ಕಚೇರಿಯೊಂದರಲ್ಲಿ ನೌಕರಿ. ಏಳು ವರ್ಷ ಭಾನುವಾರ ಬಿಡದೆ ಕಲ್ಯಾಣ, ಅಂಬರನಾಥದ ಚಾಳುಗಳನ್ನು ಸುತ್ತಿ, ಕನ್ನಡನಾಡಿನಿಂದ ಗಿರಣಿ ಕೆಲಸಕ್ಕೆ ಬಂದು ಇಲ್ಲೇ ಮುದುಕಿಯರಾದವರನ್ನು ಕೂರಿಸಿ, ಅವರ ಬೀಸುವ ಪದ, ಸೋಬಾನೆ ಪದಗಳನ್ನು ಧ್ವನಿಮುದ್ರಣ ಮಾಡಿದ್ದರು. ಡಿಸ್ಕಿನಲ್ಲಿ ಜಾಗ ಸಾಲದಾಗಿತ್ತು. ಎಲ್ಲವನ್ನೂ ದೊಡ್ಡ ಡಿಸ್ಕಿಗೆ ದಾಟಿಸಬೇಕಿತ್ತು.

ಶೈಲೇಶ್ ಎರಡೂ ಡಿಸ್ಕುಗಳನ್ನು ಜೋಡಿಸಿ, ಕಿವಿಯಲ್ಲಿ ಫೋನ್ ಸಿಕ್ಕಿಸಿಕೊಂಡು ನಗುತ್ತ, ಯಾವುದರಿಂದ ಯಾವುದಕ್ಕೆ ಎಂಬ ಜಾಗದಲ್ಲಿ ಅದಲು ಬದಲು ಒತ್ತಿದ. ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಬರೆಯತೊಡಗಿತು. ಎರಡಡಿ ದೂರದಲ್ಲಿ ಕೀಬೋರ್ಡಿನ ಧೂಳು ಒರೆಸುತ್ತಿದ್ದ ಬಾಗಿ ಸ್ವಲ್ಪ ಹೊತ್ತಿನ ಮೇಲೆ ಪರದೆ ನೋಡಿ, "ಶೈಲೇಶಣ್ಣ, ಅದು ಉಲ್ಟಾ ಹೋಗ್ತಾ ಉಂಟು" ಎಂದಳು. ಅವನು ವೈರು ಎಳೆದ. ಅಷ್ಟರಲ್ಲಿ ಅಳಿಯಬೇಕಾದದ್ದೆಲ್ಲ ಅಳಿದಾಗಿತ್ತು.

"ಒಂದು ಚಾ ತಕೊಂಡು ಬಾ ಮಾರಾಯ್ತಿ" ಎಂದ ಶೈಲೇಶ್.

ಚಹಾ ತೆಗೆದುಕೊಂಡು ಬರುವಷ್ಟರಲ್ಲಿ, ಪ್ರತಿ ರಿಪೇರಿಗೂ ತುಂಬಿಸುವ ಜಾಬ್ ಕಾರ್ಡಿನ 'ಕೆಲಸ ಮಾಡಿದವರು' ಎಂಬ ಜಾಗದಲ್ಲಿ ಅವನದೇ ಅಕ್ಷರದಲ್ಲಿ ಬಾಗಿಯ ಹೆಸರಿತ್ತು.

ಸುದ್ದಿ ಕೇಳಿ ಬಂದ ಜಾನಕಿ ಕೂಗಾಡಲಿಲ್ಲ. ಬಾಗಿಯ ಎದುರು ಬಂದು ನಿಂತು, "ಆ ಪದ ಹಾಡ್ದೋರಲ್ಲಿ ನಾಲ್ಕು ಜನ ಈಗಿಲ್ಲ. ನಾನು ಯಾರನ್ನ ಹೋಗಿ ಕೇಳ್ಲಮ್ಮ?" ಎಂದರು. "ನಾನು ಮಾಡ್ಲಿಲ್ಲ" ಎಂದಳು ಬಾಗಿ. ಶೈಲೇಶ್ ಮೆತ್ತಗೆ, "ಚಿಕ್ಕವಳು ಮೇಡಂ, ಹೆದರಿದ್ದಾಳೆ" ಎಂದ. ಆ ಸಂಜೆಯೇ ಅವಳ ಕೆಲಸ ಹೋಯಿತು. ಹೊರಡುವಾಗ ಜಾಬ್ ಕಾರ್ಡಿನ ಕಾರ್ಬನ್ ಪ್ರತಿಯನ್ನು ಹರಿದು ಚೀಲಕ್ಕೆ ಹಾಕಿಕೊಂಡಳು.

ಮರುದಿನ ಯಜ್ಞೇಶ್ವರ ಹೋಟೆಲಿನಲ್ಲಿ ಇಡ್ಲಿ ಮುರಿಯುತ್ತ, ಕಾವಲಿಯವರೆಗೆ ಕೇಳಿಸುವಂತೆ ಈ ಕಥೆ ಹೇಳಿದರು. ಹರಿಶ್ಚಂದ್ರ ಮನೆಗೆ ಬಂದು ತುಳುವಿನಲ್ಲಿ ಒಂದೇ ಪ್ರಶ್ನೆ ಕೇಳಿದರು, ನಿಜ ಹೇಳು, ನೀನೇ ಮಾಡಿದ್ದಾ ಎಂದು. ಅಲ್ಲ ಎಂದಳು. ಸರಿ ಎಂದು ಸ್ನಾನಕ್ಕೆ ಹೋದರು. ಆ ತಿಂಗಳು ಮುಗಿಯುವ ಮೊದಲು ಆ ಹೋಟೆಲು ಬಿಟ್ಟು ಕಲ್ಯಾಣದ ಇನ್ನೊಂದು ಹೋಟೆಲಿಗೆ ಸೇರಿದರು. 2014ರಲ್ಲಿ ತೀರಿಹೋಗುವವರೆಗೂ ಮತ್ತೆ ಆ ಮಾತೆತ್ತಲಿಲ್ಲ. ಅವರು ನಂಬಿದ್ದರೋ ಇಲ್ಲವೋ ಬಾಗಿಗೆ ಕೊನೆಗೂ ಗೊತ್ತಾಗಲಿಲ್ಲ. ಕೆಲಸ ಹೋದದ್ದನ್ನು ಅವಳು ಎಂದೋ ಮರೆಯುತ್ತಿದ್ದಳು. ಈ ಗೊತ್ತಾಗದಿರುವುದನ್ನು ಮರೆಯಲು ಆಗಲಿಲ್ಲ.

2017ರ ಫೆಬ್ರವರಿಯ ಒಂದು ಬೆಳಿಗ್ಗೆ ಅಂಗಡಿಯ ಪ್ಲಾಸ್ಟಿಕ್ ಪರದೆ ಸರಿಸಿ ಶೈಲೇಶ್ ಒಳಗೆ ಬಂದ. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. ಇವಳನ್ನು ಕಂಡವನೇ ಮುಖ ಅರಳಿಸಿದ.

"ಅರೆ, ಬಾಗಿಯಾ? ಎಲ್ಲರೂ ಭಾಗೀರಥಿ ಮೇಡಂ, ಭಾಗೀರಥಿ ಮೇಡಂ ಅಂತಾರೆ, ಅದು ನೀನಾ?" ಎಂದು, ಅಲ್ಲಿ ಕೂತಿದ್ದ ಗಿರಾಕಿಯ ಕಡೆ ತಿರುಗಿ, "ಇಸ್‌ಕೋ ಮೈಂನೇ ಸಿಖಾಯಾ", ಇವಳಿಗೆ ಕಲಿಸಿದ್ದು ನಾನೇ, ಎಂದ. ಅವನ ಕಣ್ಣಿನಲ್ಲಿ ಅಳುಕಿನ ಒಂದು ಎಳೆಯೂ ಇರಲಿಲ್ಲ. ನಾಚಿಕೊಂಡು ಬಂದಿದ್ದರೆ ಬಾಗಿ ಏನು ಮಾಡುತ್ತಿದ್ದಳೋ. ಅವನು ಮರೆತೇಬಿಟ್ಟಿದ್ದ.

ಅವನೀಗ ಕಲ್ಯಾಣದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಲ್ಯಾಪ್‌ಟಾಪಿನ ಡಿಸ್ಕು ಕಟಕ್ ಕಟಕ್ ಎನ್ನತೊಡಗಿತ್ತು. ಐದು ವರ್ಷದ ಪಾಠಗಳು, ವಿದ್ಯಾರ್ಥಿಗಳ ದಾಖಲೆ, ಇಬ್ಬರು ಹೆಣ್ಣುಮಕ್ಕಳು ಹುಟ್ಟಿದಂದಿನಿಂದ ತೆಗೆದ ಫೋಟೋಗಳು ಎಲ್ಲ ಅದರಲ್ಲೇ ಇದ್ದವು. ಎಸ್‌ಎಸ್‌ಡಿಗೆ ಹಾಕಲು ತಾನೇ ಎರಡು ಸಲ ನೋಡಿದ್ದ, ಅರ್ಧಕ್ಕೆ ನಿಂತಿತ್ತು.

"ಬ್ಯಾಕಪ್?" ಎಂದಳು ಬಾಗಿ.

"ಕ್ಲಾಸಲ್ಲಿ ದಿನಾ ಹೇಳ್ತೇನೆ. ನಾನು ಮಾಡ್ಲಿಲ್ಲ."

"ಇಟ್ಟು ಹೋಗಿ."

ಅವನು ಹೋದ ಮೇಲೆ ಬಾಗಿ ಅಂಗಡಿಯ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟಳು. ಸಾಯುತ್ತಿದ್ದ ಡಿಸ್ಕು ಬಿಸಿಯಾಗದಂತೆ ಫ್ಯಾನಿನ ಕೆಳಗಿಟ್ಟು, ಕೆಟ್ಟ ಜಾಗ ಬಂದಲ್ಲಿ ದಾಟಿ ಮುಂದೆ ಹೋಗಿ, ಮತ್ತೆ ಹಿಂದೆ ಬಂದು, ಎರಡು ದಿನ ಅದರ ಜೊತೆ ಕೂತು, ಚೂರು ಚೂರಾಗಿ ಎಲ್ಲವನ್ನೂ ಹೊಸ ಎಸ್‌ಎಸ್‌ಡಿಗೆ ತಂದಳು. ಅಷ್ಟು ಚೆನ್ನಾಗಿ ಅವಳು ಇನ್ನಾವ ಕೆಲಸವನ್ನೂ ಮಾಡಿರಲಿಲ್ಲ. ಅವನ ಮಾಲು ಹಾಳಾದರೆ ಅವತ್ತು ಕಾರ್ಡಿನಲ್ಲಿ ಅವನು ಬರೆದದ್ದು ನಿಜವಾಗುತ್ತಿತ್ತು. ಆ ಸುಖವನ್ನು ಅವನಿಗೆ ಕೊಡಲು ಅವಳು ತಯಾರಿರಲಿಲ್ಲ. ಎಸ್‌ಎಸ್‌ಡಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿ ಅವನಿಗೆ ಫೋನ್ ಮಾಡಿದಳು.

"ಹೋಯ್ತು. ಏನೂ ಸಿಗುವ ಹಾಗಿಲ್ಲ."

ಅರ್ಧ ಗಂಟೆಯಲ್ಲಿ ಅವನು ಓಡಿ ಬಂದ. ಮರುದಿನವೂ ಬಂದ, ಅದರ ಮರುದಿನವೂ. ಸ್ಟೂಲಿನ ಮೇಲೆ ಕೂತು, ಇನ್ನೊಮ್ಮೆ ನೋಡು ಬಾಗಿ ಎನ್ನುತ್ತಿದ್ದ. ಹೆಂಡತಿ ಮಾನಸಿ ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ ಎಂದ. ಚಿಕ್ಕವಳ ಮೊದಲ ವರ್ಷದ ಒಂದೇ ಒಂದು ಚಿತ್ರವೂ ಬೇರೆಲ್ಲೂ ಇಲ್ಲ ಎಂದ. ಬಾಗಿ ಬೇರೆಯವರ ಯಂತ್ರದ ಸ್ಕ್ರೂ ಬಿಚ್ಚುತ್ತ ಕೇಳುತ್ತಿದ್ದಳು. ಅವನು ಕುಗ್ಗಿದಷ್ಟೂ ಅವಳಿಗೆ ಮಧ್ಯಾಹ್ನದ ಊಟ ರುಚಿಸುತ್ತಿತ್ತು. ಇದನ್ನು ಅವಳೇ ಆಮೇಲೆ ತಂಗಿ ತೃಪ್ತಿಯ ಹತ್ತಿರ ಮುಚ್ಚುಮರೆಯಿಲ್ಲದೆ ಹೇಳಿಕೊಂಡಳು.

ನಾಲ್ಕನೆಯ ದಿನ ಅವನ ಮುಂದೆ ಹಳದಿಯಾದ ಕಾರ್ಬನ್ ಪ್ರತಿ ಇಟ್ಟಳು.

"ಇದು ಯಾರ ಅಕ್ಷರ?"

ಅವನು ಬಹಳ ಹೊತ್ತು ನೋಡಿದ. "ನಂದೇ ಇರ್ಬೇಕು. ಇದೆಂತದು?"

"ಓದಿ."

ಓದಿದ. ಟಿಟ್ವಾಳಾ, ಜಾನಕಿ, ಡಿಸ್ಕು ಬದಲಾವಣೆ. ನಿಧಾನಕ್ಕೆ ಅವನ ಮುಖದ ಬಣ್ಣ ಇಳಿಯಿತು. "ಇದನ್ನು ಇನ್ನೂ ಇಟ್ಕೊಂಡಿದ್ದೀಯಾ? ಆಗ ನನ್ನ ಮದುವೆ ನಿಶ್ಚಯ ಆಗಿತ್ತು ಮಾರಾಯ್ತಿ. ಕೆಲಸ ಹೋದ್ರೆ ಆ ಸಂಬಂಧವೂ ಹೋಗ್ತಿತ್ತು. ನೀನು ಚಿಕ್ಕವಳು, ಬೇರೆ ಕಡೆ ಸಿಗ್ತದೆ ಅಂತ..."

"ನನ್ನ ತಂದೆ ನನ್ನನ್ನು ಕೇಳಿದ್ರು, ನೀನೇ ಮಾಡಿದ್ದಾ ಅಂತ" ಎಂದಳು ಬಾಗಿ. ಡ್ರಾಯರ್ ತೆರೆದು ಎಸ್‌ಎಸ್‌ಡಿಯನ್ನು ಬೆರಳುಗಳ ನಡುವೆ ಹಿಡಿದು ತೋರಿಸಿದಳು. "ನಿಮ್ಮ ಮಕ್ಕಳು, ನಿಮ್ಮ ಕ್ಲಾಸು ಎಲ್ಲ ಇದರಲ್ಲಿ ಉಂಟು. ಒಂದೂ ಹೋಗ್ಲಿಲ್ಲ. ಅಳಿಸ್ಲಿಕ್ಕೆ ಒಂದು ನಿಮಿಷ ಸಾಕು."

ಶೈಲೇಶ್ ಎದ್ದು ಕೈ ಚಾಚಿದ, ಮತ್ತೆ ಕೂತ. "ನೀನು ಹಾಗೆ ಮಾಡುವವಳಲ್ಲ."

"ಅದನ್ನು ಅವತ್ತು ಹೇಳ್ಬೇಕಿತ್ತು."

ಜಾನಕಿಯವರ ಎದುರು ನಿಜ ಹೇಳಿದರೆ ಮಾತ್ರ ಇದು ಸಿಗುತ್ತದೆ ಎಂದು ಅವಳು ಅಂಗಡಿಯ ಶಟರ್ ಎಳೆದಳು. ಮಧ್ಯಾಹ್ನದ ಖಾಲಿ ಟಿಟ್ವಾಳಾ ಲೋಕಲ್ ರೈಲಿನಲ್ಲಿ ಇಬ್ಬರೂ ಎದುರುಬದುರು ಕೂತರು. ಎಸ್‌ಎಸ್‌ಡಿ ಅವಳ ಕೈಚೀಲದಲ್ಲಿತ್ತು, ಅವನ ಕಣ್ಣು ಚೀಲ ಬಿಟ್ಟು ಕದಲಲಿಲ್ಲ. ಕಲ್ಯಾಣದಲ್ಲಿ ಅವನು ಬಾಯಿ ತೆರೆದ, ಅವಳು ಕಿಟಕಿಯ ಹೊರಗೆ ನೋಡಿದಳು.

ಜಾನಕಿ ನಿವೃತ್ತರಾಗಿ, ಕಾರ್ಡಿನಲ್ಲಿ ವಿಳಾಸವಿದ್ದ ಅದೇ ಮನೆಯಲ್ಲಿದ್ದರು. ಬಾಗಿಲು ತೆರೆದ ಅವರಿಗೆ ಇಬ್ಬರನ್ನೂ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಶೈಲೇಶ್ ಹೊಸ್ತಿಲ ಹೊರಗೇ ನಿಂತು ತಲೆ ತಗ್ಗಿಸಿ ಹೇಳಿದ. ಉಲ್ಟಾ ಒತ್ತಿದ್ದು ನಾನು, ಹೆಸರು ಬರೆದದ್ದೂ ನಾನು, ಇವಳು ಹೇಳಿದ್ದೇ ನಿಜ. ಜಾನಕಿ ಪೂರ್ತಿ ಕೇಳಿಸಿಕೊಂಡರು.

"ಈಗ ನಿಮ್ಮ ನಿಜ ತೊಗೊಂಡು ನಾನೇನ್ ಮಾಡ್ಲಿ? ಆ ಅಜ್ಜಿಯರು ಒಬ್ಬರೂ ಉಳಿದಿಲ್ಲ" ಎಂದರು ಅವನಿಗೆ. ಆಮೇಲೆ ಬಾಗಿಯ ತೋಳು ಹಿಡಿದು, "ನಿನ್ನನ್ನ ಎಷ್ಟು ಶಪಿಸಿದ್ದೀನಿ ಗೊತ್ತಾ ತಾಯಿ? ಒಳಗೆ ಬಾ, ಕಾಫಿ ಮಾಡ್ತೀನಿ" ಎಂದರು. ಶೈಲೇಶ್ ಚಪ್ಪಲಿ ಬಿಡಲು ಬಗ್ಗಿದ. "ನೀವಲ್ಲ" ಎಂದು ಜಾನಕಿ ಬಾಗಿಲು ಹಾಕಿಕೊಂಡರು.

ಬಾಗಿ ಎರಡು ಲೋಟ ಕಾಫಿ ಕುಡಿದಳು. ಎರಡನೆಯದು ಬೇಕಿರಲಿಲ್ಲ. ಅವನು ಇನ್ನಷ್ಟು ಹೊತ್ತು ಮೆಟ್ಟಿಲಲ್ಲಿ ನಿಲ್ಲಲಿ ಎಂದು ಕೇಳಿ ಹಾಕಿಸಿಕೊಂಡಳು.

ಮರುದಿನ ಎಸ್‌ಎಸ್‌ಡಿ ಕೂರಿಸಿ ಅವನ ಎದುರೇ ಬಟನ್ ಒತ್ತಿದಳು. ಹದಿನಾಲ್ಕು ಸೆಕೆಂಡಿನಲ್ಲಿ ಪರದೆಯ ಮೇಲೆ ಇಬ್ಬರು ಹುಡುಗಿಯರು ನಕ್ಕರು. ಶೈಲೇಶನ ಕಣ್ಣು ತುಂಬಿತು.

"ಈಗಾದ್ರೂ ಮನಸ್ಸು ತಣ್ಣಗಾಯ್ತಾ ಬಾಗಿ?"

"ಇಲ್ಲ" ಎಂದಳು. "ನಿಮ್ಮ ಬಾಯಿಂದ ಈ ಮಾತನ್ನು ನನ್ನ ತಂದೆ ಕೇಳ್ಬೇಕಿತ್ತು. ಅವರು ಇಲ್ಲ. ಹಾಗಾಗಿ ಇದು ಮುಗಿಯುವುದಿಲ್ಲ. ಲ್ಯಾಪ್‌ಟಾಪ್ ತಕೊಂಡು ಹೋಗಿ."

ಆ ವರ್ಷದ ಚೌತಿಗೆ ಶೈಲೇಶ್ ಮೋದಕದ ಡಬ್ಬಿ ಕಳುಹಿಸಿದ. ತೃಪ್ತಿ, "ಪಾಪ, ಇಷ್ಟಾದ ಮೇಲೂ ಯಾಕೆ? ಸೋಡ್ ನಾ, ಬಿಟ್ಟುಬಿಡು" ಎಂದಳು. ಬಾಗಿ ಡಬ್ಬಿಯ ದಾರ ಕೂಡ ಬಿಚ್ಚದೆ, ತಂದವನ ಕೈಯಲ್ಲೇ ಅದನ್ನು ಕಲ್ಯಾಣಕ್ಕೆ ತಿರುಗಿ ಕಳುಹಿಸಿ, ಗಿರಾಕಿಯೊಬ್ಬರ ಲ್ಯಾಪ್‌ಟಾಪಿನ ಸ್ಕ್ರೂ ಬಿಚ್ಚಲು ಕೂತಳು.